ಹಿಮ ಯಾವಾಗ ಜಾರುತ್ತೆ?

ರಾತ್ರಿಯಿಡೀ ಹಿಮ ಸುರಿದಿದೆ. ಬೆಳಿಗ್ಗೆ ಎದ್ದರೆ ಹಿಮಾಲಯದ ಮೇಲೆ ತಿಳಿನೀಲಿ ಆಕಾಶ. ‘ಸರಿಹೋಯ್ತು, ಹೊರಡೋಣ’ ಅನ್ನಿಸುತ್ತೆ ಅಲ್ವಾ? ನಾವು ಎಡವೋದು ಅಲ್ಲೇ. ಹೊಸ ಹಿಮ ಹಳೇ ಪದರಕ್ಕೆ ಇನ್ನೂ ಕಚ್ಚಿಕೊಂಡಿರಲ್ಲ.

ಗೋಡೆಯಂಥ ಬಂಡೆ ಕಂಡರೆ ಎಲ್ಲರಿಗೂ ಭಯ. ಆದರೆ ಹಿಮಕುಸಿತ ಹೆಚ್ಚಾಗಿ ಶುರುವಾಗೋದು 30ರಿಂದ 45 ಡಿಗ್ರಿ ಇಳಿಜಾರಲ್ಲಿ. ಅದಕ್ಕಿಂತ ತೀರಾ ಕಡಿದಾದ ಕಡೆ ಹಿಮ ರಾಶಿಯಾಗಿ ನಿಲ್ಲಲ್ಲ, ಆಗಾಗ ಉದುರಿಹೋಗುತ್ತೆ. ಇನ್ನೂ ಒಂದು ಮಾತು, ಇದು ನನ್ನನ್ನ ಬಹಳ ಕಾಡುತ್ತೆ: ಜೀವ ತೆಗೆದ ಹಿಮಕುಸಿತಗಳಲ್ಲಿ ಬಹುಪಾಲು ಜಾರಿದ್ದು ಸಿಕ್ಕಿಬಿದ್ದವರ ಅಥವಾ ಅವರ ಜೊತೆಗಾರರ ಭಾರಕ್ಕೇ.

ಹೂತುಹೋದರೆ? ಮೊದಲ 10–15 ನಿಮಿಷ ಕಳೆದ ಮೇಲೆ ಬದುಕುಳಿಯುವ ಸಾಧ್ಯತೆ ಸರ್ರನೆ ಇಳಿಯುತ್ತೆ. ಅಷ್ಟರೊಳಗೆ ಹೆಲಿಕಾಪ್ಟರ್ ಬರೋದು ಕಷ್ಟ. ಅಗೆದು ತೆಗೀಬೇಕಾದವರು ಪಕ್ಕದಲ್ಲಿದ್ದವರೇ.

‘ಹೋದ ವರ್ಷ ಇದೇ ದಾರೀಲಿ ಬಂದಿದ್ವಿ, ಏನೂ ಆಗ್ಲಿಲ್ಲ’ ಅನ್ನೋ ಧೈರ್ಯವೂ ಅಪಾಯವೇ. ಅಮೆರಿಕದ ಇಯಾನ್ ಮೆಕ್‌ಕ್ಯಾಮನ್ 700ಕ್ಕೂ ಹೆಚ್ಚು ಹಿಮಕುಸಿತ ಅವಘಡಗಳನ್ನ ಪರಿಶೀಲಿಸಿದರು. ತರಬೇತಿ ಪಡೆದವರೂ ಪರಿಚಿತ ಜಾಗದಲ್ಲಿ ಎಚ್ಚರಿಕೆ ಮರೆತಿದ್ದರು.

ಹೊರಡೋ ಮುಂಚೆ ಚಂಡೀಗಢದ ಡಿಜಿಆರ್‌ಇ ಸಂಸ್ಥೆಯ ಹಿಮಕುಸಿತ ಮುನ್ಸೂಚನೆ ನೋಡಿ. ನಿಮ್ಮ ಗೈಡ್‌ನ ಕೇಳಿ: ಎರಡು ದಿನದಲ್ಲಿ ಎಷ್ಟು ಹಿಮ ಬಿತ್ತು? ಗಾಳಿ ಅದನ್ನ ಯಾವ ಇಳಿಜಾರಿಗೆ ಒಟ್ಟಿದೆ?