ದೀಪ ಉರಿಯುತ್ತಿದ್ದರೆ ಬಾಗಿಲು ತಟ್ಟಬಹುದು: ಅಮೆರಿಕದ ಹ್ಯಾಲೋವೀನ್ ಅಂಗಳ

ಅಕ್ಟೋಬರ್ ಕೊನೆಯ ವಾರ ಬಂತೆಂದರೆ ಅಮೆರಿಕದಲ್ಲಿರುವ ಬಂಧುಗಳ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ವಿಚಿತ್ರ ಫೋಟೋಗಳು ಕಾಣಿಸತೊಡಗುತ್ತವೆ. ಕಣ್ಣು, ಬಾಯಿ ಕೊರೆದ ಕುಂಬಳಕಾಯಿ, ಹುಲ್ಲಿನ ಮೇಲೆ ಕಾಲು ಚಾಚಿ ಕುಳಿತ ಅಸ್ಥಿಪಂಜರ, ಗಿಡಗಳಿಗೆಲ್ಲ ಸುತ್ತಿದ ಜೇಡರ ಬಲೆ. 'ಅಷ್ಟು ಓದಿದವರ ಊರಿನಲ್ಲಿ ಇದೆಂಥ ಹುಚ್ಚು' ಎಂದು ಮನೆಯ ಹಿರಿಯರು ಕೇಳುವುದುಂಟು. ನಮ್ಮಂಥ ಕಾಲೇಜುಗಳಲ್ಲಿ ಪಿಯುಸಿ ಮುಗಿಸಿ, ಮುಂದೆ ಓದಿಗೋ ಕೆಲಸಕ್ಕೋ ಆ ದೇಶ ಸೇರುವವರಿದ್ದಾರೆ. ಅಲ್ಲಿ ಮನೆ ಮಾಡಿದ ಮೊದಲ ಅಕ್ಟೋಬರ್‌ನಲ್ಲೇ ಮಕ್ಕಳು ಬಂದು ಬಾಗಿಲು ತಟ್ಟಬಹುದು. ಆಚರಿಸುವುದೋ ಬಿಡುವುದೋ ಎಂಬುದು ಆಮೇಲಿನ ಮಾತು. ಆ ಅಂಗಳ ಏನು ಹೇಳುತ್ತಿದೆ ಎಂಬುದನ್ನು ಮೊದಲು ತಿಳಿದುಕೊಳ್ಳೋಣ.

ಅಮೆರಿಕದ ಸಾಮಾನ್ಯ ಬಡಾವಣೆಯ ಮನೆಗೂ ನಮ್ಮ ಮನೆಗೂ ಇರುವ ದೊಡ್ಡ ವ್ಯತ್ಯಾಸ ಮುಂಭಾಗದ ಕಾಂಪೌಂಡ್. ನಮ್ಮಲ್ಲಿ ಗೋಡೆ, ಗೇಟು, ಅದರ ಒಳಗೆ ಅಂಗಳ. ಅಲ್ಲಿ ಹೆಚ್ಚಿನ ಮನೆಗಳ ಎದುರಿಗೆ ಗೋಡೆಯೇ ಇರುವುದಿಲ್ಲ. ಕಾಲುದಾರಿಯಿಂದ ಶುರುವಾಗುವ ಹುಲ್ಲು ನೇರವಾಗಿ ಮನೆಯ ಮೆಟ್ಟಿಲಿಗೆ ಮುಟ್ಟುತ್ತದೆ. ಮೆಟ್ಟಿಲ ಮೇಲೆ ನಮ್ಮ ಸಿಟೌಟ್‌ನಂಥ ಜಾಗ, ಅದಕ್ಕೆ ಪೋರ್ಚ್ ಎನ್ನುತ್ತಾರೆ. ಈ ಹುಲ್ಲು ಮತ್ತು ಪೋರ್ಚ್ ಮಾಲೀಕರ ಸ್ವಂತದ್ದೇ ಆದರೂ ನೋಟಕ್ಕೆ ಇಡೀ ಬೀದಿಯದು. ಹಾಗಾಗಿ ಅಲ್ಲಿ ಇಡುವ ಪ್ರತಿಯೊಂದು ವಸ್ತುವೂ ಬೀದಿಯವರಿಗೆ ಏನನ್ನೋ ಹೇಳುತ್ತದೆ. ಚುನಾವಣೆ ಬಂದಾಗ ಅಭ್ಯರ್ಥಿಯ ಹೆಸರಿನ ಫಲಕ, ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ದೀಪ, ಅಕ್ಟೋಬರ್‌ನಲ್ಲಿ ಕುಂಬಳಕಾಯಿ.

ಅಕ್ಟೋಬರ್ 31ರ ಸಂಜೆ ಕತ್ತಲಾಗುವ ಹೊತ್ತಿಗೆ ಮಕ್ಕಳು ವೇಷ ಹಾಕಿಕೊಂಡು ಮನೆಯಿಂದ ಮನೆಗೆ ಹೋಗಿ ಸಿಹಿ ಕೇಳುತ್ತಾರೆ. ಎಲ್ಲ ಮನೆಗೂ ಹೋಗುವುದಿಲ್ಲ. ಇದಕ್ಕೊಂದು ಬರೆಯದ ನಿಯಮವಿದೆ: ಪೋರ್ಚ್‌ನ ದೀಪ ಉರಿಯುತ್ತಿದ್ದರೆ ಬರಬಹುದು, ಆರಿದ್ದರೆ ಮುಂದೆ ಹೋಗಬೇಕು. ದೀಪ ಆರಿಸಿದ ಮನೆಯವರ ಮೇಲೆ ಸಾಮಾನ್ಯವಾಗಿ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಅವರು ಮನೆಯಲ್ಲಿಲ್ಲದಿರಬಹುದು, ಕೂಸು ಮಲಗಿರಬಹುದು, ಹಬ್ಬ ಅವರದಲ್ಲದಿರಬಹುದು. ಅಲಂಕಾರವೆಲ್ಲ ಈ ಒಂದು ದೀಪದ ವಿಸ್ತರಣೆ ಎಂದೇ ನನಗೆ ಅನಿಸುತ್ತದೆ. ಭೂತದ ಮುಖ ಹೆದರಿಸುವುದಕ್ಕೆ ಇಟ್ಟಂತೆ ಕಂಡರೂ ಅದರ ಅರ್ಥ 'ಬನ್ನಿ' ಎಂದೇ.

ಮೂಲದಲ್ಲಿ ಇದರ ಅರ್ಥ ತಲೆಕೆಳಗಾಗಿತ್ತು. ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಕೆಲ್ಟಿಕ್ ಜನ ಸುಗ್ಗಿ ಮುಗಿದು ಚಳಿಗಾಲ ಶುರುವಾಗುವ ಹೊತ್ತಿಗೆ ಸೌಇನ್ ಎಂಬ ಹಬ್ಬ ಆಚರಿಸುತ್ತಿದ್ದರು. ಆ ರಾತ್ರಿ ಆತ್ಮಗಳು ಓಡಾಡುತ್ತವೆ ಎಂಬುದು ಅವರ ನಂಬಿಕೆ. ಮುಂದೆ ಕ್ರೈಸ್ತ ಚರ್ಚು ನವೆಂಬರ್ 1ನ್ನು ಸಕಲ ಸಂತರ ದಿನವನ್ನಾಗಿ ಮಾಡಿತು. ಹಾಗಾಗಿ ಹಿಂದಿನ ಸಂಜೆಗೆ ಸಂತರ ಹಬ್ಬದ ಮುನ್ನಾದಿನ ಎಂಬರ್ಥದ ಹೆಸರು ಬಂತು; ಅದು ಸವೆದು ಹ್ಯಾಲೋವೀನ್ ಆಯಿತು. ಐರ್ಲೆಂಡಿನ ಹಳ್ಳಿಗರು ಟರ್ನಿಪ್ ಗಡ್ಡೆಯನ್ನು ಕೊರೆದು, ಮುಖ ಬಿಡಿಸಿ, ಒಳಗೆ ದೀಪ ಇಟ್ಟು ದುಷ್ಟಶಕ್ತಿಗಳು ದೂರವಿರಲೆಂದು ಕಿಟಕಿಯಲ್ಲಿ ಇಡುತ್ತಿದ್ದರು. ಐರ್ಲೆಂಡಿನ ಮೇಯೋ ಜಿಲ್ಲೆಯಲ್ಲಿರುವ ಗ್ರಾಮಜೀವನದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಅಂಥದೊಂದು ಟರ್ನಿಪ್‌ನ ಪ್ಲಾಸ್ಟರ್ ಅಚ್ಚು ಇದೆ. ಸುಕ್ಕುಗಟ್ಟಿದ ಆ ಪುಟ್ಟ ಮುಖವನ್ನು ನೋಡಿದರೆ ಇಂದಿನ ನಗುವ ಕುಂಬಳಕಾಯಿ ಮಕ್ಕಳಾಟ ಅನಿಸುತ್ತದೆ. ನಮ್ಮೂರಲ್ಲಿ ಕಟ್ಟುತ್ತಿರುವ ಕಟ್ಟಡದ ಎದುರು ಮುಖ ಬರೆದ ಬೂದುಗುಂಬಳ ತೂಗುಹಾಕಿರುವುದನ್ನು ಕಂಡವರಿಗೆ ಇದರ ಹಿಂದಿನ ಯೋಚನೆ ಅಪರಿಚಿತವೇನಲ್ಲ. ಎರಡಕ್ಕೂ ಸಂಬಂಧ ಇಲ್ಲ. ಆದರೆ ಮನೆಯ ಹೊರಗೊಂದು ಮುಖ ಇಟ್ಟರೆ ಕೆಟ್ಟದ್ದು ಒಳಗೆ ಬಾರದು ಎಂದು ಎರಡೂ ಕಡೆಯವರಿಗೆ ತೋರಿದೆ.

19ನೇ ಶತಮಾನದಲ್ಲಿ, ಅದರಲ್ಲೂ 1845ರ ನಂತರದ ಆಲೂಗಡ್ಡೆ ಕ್ಷಾಮದಲ್ಲಿ, ಲಕ್ಷಾಂತರ ಐರಿಶ್ ಜನ ಹಡಗು ಹತ್ತಿ ಅಮೆರಿಕಕ್ಕೆ ಬಂದರು. ಅಲ್ಲಿ ಅವರ ಈ ಪದ್ಧತಿಗೆ ಟರ್ನಿಪ್‌ಗಿಂತ ದೊಡ್ಡ, ಮೆದುವಾದ, ಒಳಗೆ ಅರ್ಧ ಟೊಳ್ಳಾಗಿಯೇ ಇರುವ ಸಿಹಿಗುಂಬಳ ಸಿಕ್ಕಿತು. ಸಿಹಿಗುಂಬಳ ಅಮೆರಿಕ ಖಂಡದ ಬೆಳೆ. ನಮ್ಮ ಸಾಂಬಾರಿಗೂ ಅದು ಅಲ್ಲಿಂದಲೇ ಬಂದದ್ದು. 1820ರಲ್ಲಿ ವಾಷಿಂಗ್ಟನ್ ಇರ್ವಿಂಗ್ ಬರೆದ ಸ್ಲೀಪಿ ಹಾಲೋ ಕಥೆಯಲ್ಲಿ ತಲೆಯಿಲ್ಲದ ಸವಾರನೂ ಒಡೆದ ಕುಂಬಳಕಾಯಿಯೂ ಬರುತ್ತವೆ. ಆ ಕಥೆ ಹ್ಯಾಲೋವೀನ್ ಕುರಿತದ್ದಲ್ಲದಿದ್ದರೂ ಇಂದಿಗೂ ಅನೇಕ ಅಂಗಳಗಳಲ್ಲಿ ಆ ಸವಾರನ ಬೊಂಬೆ ಇರುತ್ತದೆ.

ಮನೆಮನೆಗೆ ಹೋಗಿ ಸಿಹಿ ಕೇಳುವುದು ಅಮೆರಿಕದಲ್ಲಿ ವ್ಯಾಪಕವಾದದ್ದು 20ನೇ ಶತಮಾನದಲ್ಲಿ. 1920 ಮತ್ತು 30ರ ದಶಕಗಳಲ್ಲಿ ಹ್ಯಾಲೋವೀನ್ ಎಂದರೆ ಪುಂಡಾಟದ ರಾತ್ರಿ. ಹುಡುಗರು ಗೇಟು ಕಿತ್ತೊಯ್ಯುತ್ತಿದ್ದರು, ಕಿಟಕಿ ಒಡೆಯುತ್ತಿದ್ದರು. ಇದಕ್ಕೆ ಲಾಠಿಯೊಂದೇ ಮದ್ದಲ್ಲ ಎಂದು ಕಂಡುಕೊಂಡ ಊರಿನವರು ಮಕ್ಕಳನ್ನು ಮನೆಗೇ ಕರೆದು ತಿಂಡಿ ಕೊಡುವ ಕ್ರಮವನ್ನು ಬೆಳೆಸಿದರು. ಎರಡನೇ ಮಹಾಯುದ್ಧದ ಸಕ್ಕರೆ ಪಡಿತರ ಮುಗಿದ ಮೇಲೆ ಅದು ದೇಶದುದ್ದಗಲಕ್ಕೂ ಹರಡಿತು. ದುಷ್ಟಶಕ್ತಿಯನ್ನು ಓಡಿಸಲು ಇಟ್ಟ ಮುಖ ಪಕ್ಕದ ಮನೆಯ ಮಗುವನ್ನು ಕರೆಯುವ ಮುಖವಾದದ್ದು ಹೀಗೆ. 1950ರಲ್ಲಿ ಫಿಲಡೆಲ್ಫಿಯಾದ ಕೆಲವು ಮಕ್ಕಳು ಸಿಹಿಯ ಬದಲು ಯುನಿಸೆಫ್‌ಗಾಗಿ ಚಿಲ್ಲರೆ ಕಾಸು ಸಂಗ್ರಹಿಸಿದರು. ಕಿತ್ತಳೆ ಬಣ್ಣದ ಪುಟ್ಟ ಪೆಟ್ಟಿಗೆ ಹಿಡಿದು ಕಾಸು ಕೇಳುವ ಆ ರೂಢಿ ಮುಂದೆಯೂ ಉಳಿಯಿತು.

ಕುಂಬಳಕಾಯಿ ಕೊರೆಯುವ ಕೆಲಸ ನೋಡಲು ಸುಲಭ, ಮಾಡಲು ಅಷ್ಟು ಸುಲಭವಲ್ಲ. ತೊಟ್ಟಿನ ಸುತ್ತ ಮುಚ್ಚಳ ಕತ್ತರಿಸುವಾಗ ಚಾಕುವನ್ನು ನೆಟ್ಟಗೆ ಹಿಡಿಯದೆ ಒಳಮುಖವಾಗಿ ಓರೆ ಹಿಡಿಯಬೇಕು. ಇಲ್ಲವಾದರೆ ಮುಚ್ಚಳ ಒಣಗಿ ಕುಗ್ಗಿದಾಗ ಒಳಗೇ ಬೀಳುತ್ತದೆ. ಬೀಜ, ನಾರು ತೆಗೆದ ಮೇಲೆ ಮುಖ ಬರುವ ಕಡೆಯ ತಿರುಳನ್ನು ಸುಮಾರು ಒಂದು ಇಂಚು ದಪ್ಪ ಉಳಿಯುವವರೆಗೆ ಕೆರೆಯುತ್ತಾರೆ. ಇದರಿಂದ ಕೊರೆಯುವುದು ಹಗುರಾಗುತ್ತದೆ, ಬೆಳಕೂ ಚೆನ್ನಾಗಿ ಹೊರಬರುತ್ತದೆ. ಅಡುಗೆಯ ದೊಡ್ಡ ಚಾಕು ಜಾರಿ ಅಂಗೈ ಕೊಯ್ದುಕೊಂಡು ಆಸ್ಪತ್ರೆ ಸೇರುವವರು ಪ್ರತಿ ಅಕ್ಟೋಬರ್‌ನಲ್ಲೂ ಇರುತ್ತಾರೆ. ಗರಗಸದ ಹಲ್ಲಿನ ಪುಟ್ಟ ಚಾಕು ಇದಕ್ಕಿಂತ ಮೇಲು. ಬೀಜವನ್ನು ತೊಳೆದು, ಉಪ್ಪು ಹಾಕಿ ಹುರಿದು ತಿನ್ನುತ್ತಾರೆ.

ಜೀವಶಾಸ್ತ್ರದ ವಿದ್ಯಾರ್ಥಿಗಳಿಗೆ ಇಲ್ಲೊಂದು ಪಾಠ ಸಿಗುತ್ತದೆ. ಇಡೀ ಕುಂಬಳಕಾಯಿ ತಂಪಾದ ಜಾಗದಲ್ಲಿ ವಾರಗಟ್ಟಲೆ ಕೆಡದೆ ಇರುತ್ತದೆ. ಅದರ ಗಟ್ಟಿ ಸಿಪ್ಪೆಯೇ ಅದಕ್ಕೆ ರಕ್ಷೆ. ಕಣ್ಣು, ಬಾಯಿ ಕೊರೆದ ಕೂಡಲೇ ಬೂಷ್ಟಿಗೂ ಬ್ಯಾಕ್ಟೀರಿಯಾಕ್ಕೂ ಬಾಗಿಲು ತೆರೆದಂತೆ. ಕೆಲವೇ ದಿನಗಳಲ್ಲಿ ಮುಖ ಕುಸಿಯತೊಡಗುತ್ತದೆ. ಅದಕ್ಕೇ ಅನುಭವಸ್ಥರು ತಿಂಗಳ ಆರಂಭದಲ್ಲಿ ಕುಂಬಳ ತಂದಿಟ್ಟು, ಹಬ್ಬಕ್ಕೆ ಎರಡು ಮೂರು ದಿನ ಇರುವಾಗ ಕೊರೆಯುತ್ತಾರೆ. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಕೀನ್ ಎಂಬ ಪಟ್ಟಣದಲ್ಲಿ 2013ರಲ್ಲಿ ಹೀಗೆ ಕೊರೆದು ದೀಪ ಹಚ್ಚಿದ 30,581 ಕುಂಬಳಕಾಯಿಗಳನ್ನು ಒಂದೇ ಕಡೆ ಇಟ್ಟು ವಿಶ್ವದಾಖಲೆ ಮಾಡಿದ್ದರು.

ಈಗ ಕುಂಬಳಕಾಯಿ ಮಾತ್ರ ಸಾಕಾಗುವುದಿಲ್ಲ. ಹೋಮ್ ಡಿಪೋ ಎಂಬ ಅಂಗಡಿ ಸರಣಿ 2020ರಲ್ಲಿ 12 ಅಡಿ ಎತ್ತರದ ಪ್ಲಾಸ್ಟಿಕ್ ಅಸ್ಥಿಪಂಜರವನ್ನು 299 ಡಾಲರ್‌ಗೆ ಮಾರಾಟಕ್ಕಿಟ್ಟಿತು. ಕೋವಿಡ್‌ನಿಂದಾಗಿ ಜನ ಮನೆಯಲ್ಲೇ ಕೂತಿದ್ದ ವರ್ಷ. ತಂದದ್ದೆಲ್ಲ ಬೇಗನೆ ಖಾಲಿಯಾಯಿತು. ಗ್ಯಾರೇಜಿನಲ್ಲಿ ಇಡಲು ಜಾಗವಿಲ್ಲದವರು ಅದನ್ನು ವರ್ಷವಿಡೀ ಅಂಗಳದಲ್ಲೇ ನಿಲ್ಲಿಸಿ, ಡಿಸೆಂಬರ್‌ನಲ್ಲಿ ಅದಕ್ಕೇ ಕೆಂಪು ಟೋಪಿ ಹಾಕುತ್ತಾರೆ. ಅಮೆರಿಕದ ರಾಷ್ಟ್ರೀಯ ಚಿಲ್ಲರೆ ವ್ಯಾಪಾರ ಒಕ್ಕೂಟದ ಸಮೀಕ್ಷೆಯಂತೆ 2023ರ ಹ್ಯಾಲೋವೀನ್ ಖರ್ಚಿನ ಅಂದಾಜು 1,220 ಕೋಟಿ ಡಾಲರ್. ಅದರಲ್ಲಿ ಅಲಂಕಾರಕ್ಕೇ 390 ಕೋಟಿ. ಒಂದು ಸಂಜೆಗೆ ಇಷ್ಟು ಹಣ ಬೇಕೇ ಎಂದು ಕೇಳುವವರು ಆ ದೇಶದಲ್ಲೂ ಇದ್ದಾರೆ.

ಅಂಗಳ ಸಿಂಗರಿಸುವವರು ಮರೆಯಬಾರದ ಸಂಗತಿ, ಅಲ್ಲಿ ಕತ್ತಲಲ್ಲಿ ಉದ್ದ ನಿಲುವಂಗಿ ತೊಟ್ಟ, ಮುಖವಾಡದಿಂದಾಗಿ ಅರ್ಧ ಕಣ್ಣಷ್ಟೇ ಕಾಣುವ ಐದಾರು ವರ್ಷದ ಮಕ್ಕಳು ನಡೆಯುತ್ತಾರೆ. ಹಾದಿಗೆ ಅಡ್ಡ ವೈರು ಇರಬಾರದು. ಮೆಟ್ಟಿಲ ಮೇಲೆ ಮೇಣದಬತ್ತಿ ಇಟ್ಟರೆ ತೆಳು ಬಟ್ಟೆಗೆ ಬೆಂಕಿ ತಗಲುವ ಭಯ. ಅದಕ್ಕೇ ಅಗ್ನಿಸುರಕ್ಷಾ ಸಂಸ್ಥೆಗಳು ಬ್ಯಾಟರಿ ದೀಪ ಬಳಸಿ ಎನ್ನುತ್ತವೆ. ಹೊರಗಿನ ವಿದ್ಯುತ್ ಸಂಪರ್ಕಕ್ಕೆ ಅಲ್ಲಿ ಕಡ್ಡಾಯವಾಗಿ ಒಂದು ಸುರಕ್ಷಾ ಸಾಧನ ಇರುತ್ತದೆ. ಹೋಗುವ ಮತ್ತು ಮರಳುವ ವಿದ್ಯುತ್ತಿನ ನಡುವೆ ಸುಮಾರು 5 ಮಿಲಿಆಂಪಿಯರ್ ವ್ಯತ್ಯಾಸ ಬಂದರೂ ಅದು ಸಂಪರ್ಕ ಕಡಿಯುತ್ತದೆ. ನಮ್ಮ ಮನೆಗಳ ಆರ್‌ಸಿಸಿಬಿ ಕೂಡ ಇದೇ ತತ್ವದ್ದು, ಆದರೆ ಸಾಮಾನ್ಯವಾಗಿ 30 ಮಿಲಿಆಂಪಿಯರ್‌ಗೆ ಬೀಳುವಂಥದ್ದು. ಗಿಡಗಳಿಗೆ ಹೊದಿಸುವ ಹತ್ತಿಯಂಥ ನಕಲಿ ಜೇಡರ ಬಲೆಯಲ್ಲಿ ನಿಜವಾದ ಹಕ್ಕಿಗಳೂ ಬಾವಲಿಗಳೂ ಸಿಕ್ಕಿಬೀಳುತ್ತವೆ. ಬಲೆ ಬೇಕೇ ಬೇಕೆಂದರೆ ದಪ್ಪ ಹಗ್ಗದಿಂದ ಹೆಣೆದದ್ದು ವಾಸಿ.

ಎಲ್ಲ ಭಯವೂ ಆಟವಲ್ಲ. ಮರಕ್ಕೆ ನೇಣು ಹಾಕಿದಂಥ ಬೊಂಬೆಗಳನ್ನು ತೂಗುಬಿಟ್ಟ ಮನೆಗಳ ವಿರುದ್ಧ ಅಮೆರಿಕದಲ್ಲಿ ಮತ್ತೆ ಮತ್ತೆ ಆಕ್ಷೇಪ ಬಂದಿದೆ. ಕಪ್ಪುಜನರನ್ನು ಗುಂಪುಗಳು ಹಿಡಿದು ಮರಕ್ಕೆ ನೇತುಹಾಕಿ ಕೊಂದ ಇತಿಹಾಸ ಆ ದೇಶಕ್ಕಿದೆ. ಆ ಕುಟುಂಬಗಳ ಮುಂದಿನ ಪೀಳಿಗೆಯವರು ಅದೇ ಬೀದಿಯಲ್ಲಿ ವಾಸಿಸುತ್ತಾರೆ. ಇಟ್ಟವರಿಗೆ ತಮಾಷೆಯಾದದ್ದು ನೋಡುವವರಿಗೆ ಏನಾಗುತ್ತದೆ ಎಂಬುದನ್ನು ಇಡುವ ಮೊದಲೇ ಯೋಚಿಸಬೇಕು. ಹುಲ್ಲಿನ ಮೇಲೆ ಥರ್ಮಾಕೋಲ್‌ನಂಥ ಹಗುರ ವಸ್ತುವಿನ ಗೋರಿಕಲ್ಲು ನೆಟ್ಟು, ಅದರ ಮೇಲೆ ನಗೆಹನಿ ಬರೆಯುವುದು ಅಲ್ಲಿ ಬಹಳ ಸಾಮಾನ್ಯ. ನನಗೆ ಒಪ್ಪಲಾಗದ್ದು ಇದೇ. ಕಬರ್‌ಸ್ತಾನದ ಬದಿಯಲ್ಲಿ ಹಾದುಹೋಗುವಾಗ ಸಲಾಂ ಹೇಳಲು ಕಲಿತವರಿಗೆ ಕಬರಿನ ಹಾಸ್ಯ ಸುಲಭಕ್ಕೆ ಇಳಿಯುವುದಿಲ್ಲ.

ಅಮೆರಿಕದ ಮುಸ್ಲಿಂ ಮನೆಗಳು ಈ ಸಂಜೆಯನ್ನು ಒಂದೇ ರೀತಿ ಎದುರಿಸುವುದಿಲ್ಲ. ಹಬ್ಬದ ಬೇರು ಬೇರೆ ನಂಬಿಕೆಯದು ಎಂಬ ಕಾರಣಕ್ಕೆ ಅನೇಕ ಉಲಮಾಗಳು ಪಾಲ್ಗೊಳ್ಳಬೇಡಿ ಎನ್ನುತ್ತಾರೆ. ಅದರಂತೆ ನಡೆಯುವವರು ಪೋರ್ಚ್ ದೀಪ ಆರಿಸಿ ಮಗ್ರಿಬ್ ನಮಾಝಿಗೆ ನಿಲ್ಲುತ್ತಾರೆ. ಕೆಲವು ಮಸೀದಿಗಳಲ್ಲಿ ಅಂದು ಮಕ್ಕಳಿಗೆ ಬೇರೆ ಕಾರ್ಯಕ್ರಮ ಇಡುತ್ತಾರೆ. ಇನ್ನು ಕೆಲವರು ತಮ್ಮ ಮಕ್ಕಳನ್ನು ಕಳಿಸದಿದ್ದರೂ ಬಾಗಿಲಿಗೆ ಬಂದ ನೆರೆಯ ಮಗುವನ್ನು ಬರಿಗೈಯಲ್ಲಿ ಕಳಿಸಲಾಗದು ಎಂದು ಸಿಹಿ ತಂದಿಡುತ್ತಾರೆ. ನೆರೆಯವರ ಹಕ್ಕಿನ ಬಗ್ಗೆ ಮದ್ರಸದಲ್ಲಿ ಕಲಿತದ್ದು ಅವರಿಗೆ ನೆನಪಾಗುತ್ತದೆ. ಭೂತ ಬೇಡ, ಅಂಗಳ ಬೋಳಾಗಿರುವುದೂ ಬೇಡ ಎನ್ನುವವರಿಗೆ ನಡುದಾರಿಯೊಂದಿದೆ. ಕೊರೆಯದ ಇಡೀ ಕುಂಬಳಕಾಯಿ, ಸೇವಂತಿಗೆ ಕುಂಡ, ಒಣಗಿದ ಜೋಳದ ದಂಟು, ಹುಲ್ಲಿನ ಪೆಂಡಿ. ಇವು ಸುಗ್ಗಿಯ ಅಲಂಕಾರ, ನವೆಂಬರ್‌ನ ನಾಲ್ಕನೇ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್‌ವರೆಗೂ ನಿಲ್ಲುತ್ತವೆ. ಮಿಶಿಗನ್ ರಾಜ್ಯದ ಡಿಯರ್‌ಬಾರ್ನ್‌ನಂಥ ಊರುಗಳಲ್ಲಿ ರಮಝಾನ್ ಬಂದಾಗ ಇದೇ ಪೋರ್ಚ್‌ಗಳಲ್ಲಿ ಚಂದ್ರ, ನಕ್ಷತ್ರದ ದೀಪಗಳು ಬೆಳಗುತ್ತವೆ. ಬೀದಿಗೆ ತೆರೆದ ಅಂಗಳದ ಭಾಷೆಯನ್ನು ಅವರು ತಮ್ಮದಕ್ಕೆ ಬಳಸಿಕೊಂಡಿದ್ದಾರೆ.

ಸಿಹಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಅಲ್ಲಿನ ಅನೇಕ ಜಿಗುಟು ಮಿಠಾಯಿಗಳಲ್ಲಿ, ಮಾರ್ಷ್‌ಮೆಲ್ಲೋಗಳಲ್ಲಿ ಹಂದಿಯಿಂದ ತೆಗೆದ ಜೆಲಾಟಿನ್ ಇರುತ್ತದೆ. ಹಾಗಾಗಿ ಮುಸ್ಲಿಂ ತಾಯಂದಿರು ಮಕ್ಕಳ ಚೀಲ ಸುರಿದು ಲೇಬಲ್ ಓದುತ್ತಾರೆ. ಅವರ ಹಾಗೆಯೇ ಲೇಬಲ್ ಓದುವ ಇನ್ನೊಂದು ಗುಂಪು, ಕಡಲೆಕಾಯಿ ಅಥವಾ ಹಾಲಿನ ಅಲರ್ಜಿ ಇರುವ ಮಕ್ಕಳ ತಂದೆತಾಯಂದಿರು. ಇವರಿಗಾಗಿ ಟೆನೆಸಿ ರಾಜ್ಯದಲ್ಲಿ ಶುರುವಾದ ಒಂದು ಪದ್ಧತಿ 2014ರಿಂದ ಇಡೀ ದೇಶಕ್ಕೆ ಹರಡಿದೆ. ಮೆಟ್ಟಿಲ ಮೇಲೆ ಹಸಿರು ಬೆರೆತ ನೀಲಿ ಬಣ್ಣ ಬಳಿದ ಕುಂಬಳಕಾಯಿ ಇದ್ದರೆ, ಆ ಮನೆಯಲ್ಲಿ ತಿನ್ನದ ವಸ್ತುಗಳೂ ಸಿಗುತ್ತವೆ ಎಂದರ್ಥ: ಪೆನ್ಸಿಲ್, ಸ್ಟಿಕ್ಕರ್, ಪುಟ್ಟ ಆಟಿಕೆ. ಅಂಗಳದ ಅಲಂಕಾರಗಳಲ್ಲೆಲ್ಲ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಈ ಬಣ್ಣದ ಕಾಯಿ. ಅಲರ್ಜಿಯ ಮಗುವಿಗೆಂದು ಹೊರಟ ಉಪಾಯ ಹಲಾಲ್ ನೋಡುವ ಮಗುವಿಗೂ ಒದಗಿದೆ.

ಬೆಂಗಳೂರಿನ ಕೆಲವು ಅಪಾರ್ಟ್‌ಮೆಂಟ್‌ಗಳಲ್ಲೂ ಮಾಲ್‌ಗಳಲ್ಲೂ ಈಗ ಹ್ಯಾಲೋವೀನ್ ಬಂದಿದೆ. ಅಲ್ಲಿ ಅಂಗಳದ ಬದಲು ಲಿಫ್ಟಿನ ಎದುರಿನ ಓಣಿ. ಯಾವ ಫ್ಲ್ಯಾಟ್‌ನ ಬಾಗಿಲು ತಟ್ಟಬಹುದೆಂದು ಹಲವೆಡೆ ನಿವಾಸಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲೇ ತೀರ್ಮಾನವಾಗುತ್ತದೆ.

ನವೆಂಬರ್ 1ರ ಬೆಳಿಗ್ಗೆ ಅಮೆರಿಕದ ಬೀದಿಗಳಲ್ಲಿ ಕುಸಿಯತೊಡಗಿದ ಕುಂಬಳಕಾಯಿಗಳ ಸಾಲು. ಕಸದ ಗುಂಡಿಗೆ ಸೇರಿದರೆ ಅವು ಗಾಳಿಯಿಲ್ಲದೆ ಕೊಳೆತು ಮೀಥೇನ್ ಬಿಡುತ್ತವೆ. ಅದಕ್ಕಾಗಿ ಕೆಲವು ಊರುಗಳಲ್ಲಿ ಅವುಗಳನ್ನು ಬೇರೆಯಾಗಿ ಸಂಗ್ರಹಿಸಿ, ಮಕ್ಕಳ ಕೈಯಿಂದಲೇ ಒಡೆಸಿ ಗೊಬ್ಬರ ಮಾಡುತ್ತಾರೆ. ಬಣ್ಣ ಬಳಿಯದ, ಮೇಣ ತಾಗದ ಕಾಯಿಗಳನ್ನು ಹಂದಿ, ಮೇಕೆ ಸಾಕುವವರು ಕೇಳಿ ಒಯ್ಯುತ್ತಾರೆ. ಉಳಿದದ್ದಕ್ಕೆ ಅಳಿಲುಗಳು ರಾತ್ರಿ ಕಳೆಯುವುದನ್ನೇ ಕಾಯುತ್ತಿರುತ್ತವೆ.