ಬ್ಯೂಫರ್ಟಿನ ಒಂದು ಮನೆ

ಅಮೆರಿಕದ ದಕ್ಷಿಣ ಕೆರೊಲಿನದ ಕಡಲಂಚಿನಲ್ಲಿ, 1711ರಲ್ಲಿ ಹುಟ್ಟಿದ ಬ್ಯೂಫರ್ಟ್ ಎಂಬ ಪುಟ್ಟ ಊರಿದೆ. ಓಕ್ ಮರಗಳಿಂದ ಬೂದುಬಣ್ಣದ ಜಟೆಗಳು ಇಳಿಬಿದ್ದಿವೆ. ಅವುಗಳ ನೆರಳಿನಲ್ಲಿ ಅಗಲವಾದ ಜಗಲಿಗಳುಳ್ಳ ಬಿಳಿಯ ಮಹಲುಗಳು. ಕಣ್ಣಿಗೆ ಹಬ್ಬವೇ ಸರಿ. ಆದರೆ ಹತ್ತಿಯ ತೋಟಗಳಲ್ಲಿ ಗುಲಾಮರು ಸುರಿಸಿದ ಬೆವರಿನಿಂದ ಎದ್ದ ಮಹಲುಗಳೆಂಬುದನ್ನು ನಾನು ಮರೆಯಲಾರದಾದೆ.

ಪ್ರಿನ್ಸ್ ಬೀದಿಯ ಮನೆಯೊಂದರ ಮುಂದೆ ಬಹಳ ಹೊತ್ತು ನಿಂತೆ. 1839ರಲ್ಲಿ ಅದರ ಹಿತ್ತಿಲಿನ ಗುಡಿಸಲಿನಲ್ಲಿ, ಗುಲಾಮಳಾದ ತಾಯಿಯ ಮಗನಾಗಿ ರಾಬರ್ಟ್ ಸ್ಮಾಲ್ಸ್ ಹುಟ್ಟಿದ. 1862ರ ಮೇ 13ರ ನಸುಕು. ಚಾರ್ಲ್ಸ್‌ಟನ್ ಬಂದರಿನಲ್ಲಿ ಬಿಳಿಯ ಅಧಿಕಾರಿಗಳು ದಡಕ್ಕೆ ಹೋಗಿದ್ದರು. ಆತ ಕಪ್ತಾನನ ಹುಲ್ಲುಟೋಪಿಯನ್ನು ಧರಿಸಿ, ಹೆಂಡತಿಮಕ್ಕಳನ್ನೂ ಸಂಗಡಿಗರನ್ನೂ 'ಪ್ಲಾಂಟರ್' ಹಡಗಿಗೆ ಹತ್ತಿಸಿಕೊಂಡು, ಒಂದೊಂದು ಕೋಟೆಗೂ ತಕ್ಕ ಸಿಳ್ಳಿನ ಸಂಕೇತ ಕೊಡುತ್ತ ಹೊರಟ. ಸಂಕೇತ ತಪ್ಪಿದ್ದರೆ ಫಿರಂಗಿಯೇ ಗತಿ! ಹಡಗು ಉತ್ತರದವರ ನೌಕಾಪಡೆಯನ್ನು ಸೇರಿತು.

ಯುದ್ಧ ಮುಗಿಯುವ ಮೊದಲೇ, ತೆರಿಗೆಬಾಕಿಗೆ ಹರಾಜಾದ ಈ ಮನೆಯನ್ನು ಆತ ಕೊಂಡ. ಮುಂದೆ ಅಮೆರಿಕದ ಕಾಂಗ್ರೆಸ್ಸಿಗೂ ಆರಿಸಿ ಹೋದ. ಹಳೆಯ ಒಡತಿ ಮುಪ್ಪಿನಲ್ಲಿ ದಿಕ್ಕುತಪ್ಪಿ ಬಾಗಿಲಿಗೆ ಬಂದಾಗ ಅವಳಿಗೆ ಅವಳ ಕೋಣೆಯನ್ನೇ ಬಿಟ್ಟುಕೊಟ್ಟನೆಂದು ಊರವರು ಹೇಳುತ್ತಾರೆ.

1915ರಲ್ಲಿ ಆತ ಕೊನೆಯುಸಿರೆಳೆದದ್ದೂ ಇಲ್ಲಿಯೇ. ಸಮಾಧಿ ಟ್ಯಾಬರ್ನೇಕಲ್ ಇಗರ್ಜಿಯ ಅಂಗಳದಲ್ಲಿದೆ. ಬಿಸಿಲಿಳಿಯುವ ಮುನ್ನ ಅತ್ತ ನಡೆದೆ.