ಮೋರೆಗೊಪ್ಪುವ ಅಡಿಬಣ್ಣ

ಕಳೆದ ಮೇ ತಿಂಗಳಲ್ಲಿ ಕುಂಬಳೆ ಕಡೆಯ ಒಂದು ಮದುವೆಗೆ ಹೋಗಿದ್ದೆ. ಮದುಮಗಳು ನನಗೆ ಸೋದರ ಸೊಸೆಯಾಗಬೇಕು. ಎಣ್ಣೆಗೆಂಪು ಬಣ್ಣದ, ಲಕ್ಷಣವಾದ ಹುಡುಗಿ. ಆದರೆ ಮಂಟಪಕ್ಕೆ ಬಂದಾಗ ನನಗೇ ಗುರುತು ಸಿಗಲಿಲ್ಲ. ಮುಖ ಬೂದಿ ಬಳಿದಂತೆ ಬಿಳುಚಿಕೊಂಡಿತ್ತು. ಕೊರಳು ಮತ್ತು ಧಾರೆಗೆ ಚಾಚಿದ ಕೈಗಳು ಮಾತ್ರ ತಮ್ಮ ಸ್ವಂತ ಬಣ್ಣದಲ್ಲೇ ಇದ್ದವು. ಹಿಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು, "ಇದೆಂತ ಮಾರಾಯ್ತಿ, ಚೌಕಿಯಿಂದ ಅರ್ಧ ವೇಷದಲ್ಲಿ ಎದ್ದು ಬಂದ ಹಾಗುಂಟಲ್ಲ!" ಎಂದರು. ನಾವೆಲ್ಲ ನಕ್ಕೆವು. ಆ ಮದುವೆಯ ಆಲ್ಬಂ ಬಿಡಿಸಲು ಹುಡುಗಿ ಇಂದಿಗೂ ಒಪ್ಪುವುದಿಲ್ಲವಂತೆ. ಅದನ್ನು ಕೇಳಿದ ಮೇಲೆ ನಮ್ಮ ನಗುವಿನ ಬಗ್ಗೆ ನನಗೇ ನಾಚಿಕೆಯಾಯಿತು.

ಅಜ್ಜಿಯ ಮಾತು ಮಾತ್ರ ತಲೆಯಲ್ಲೇ ಉಳಿಯಿತು. ಪಾರ್ತಿಸುಬ್ಬನ ಊರಿನವರಾದ ನಮಗೆ ಮುಖಕ್ಕೆ ಬಣ್ಣ ಹಚ್ಚುವುದು ಹೊಸ ವಿದ್ಯೆಯಲ್ಲ. ಕಥಕಳಿಯಲ್ಲಿ ಚುಟ್ಟಿ ಇಡಲು ಬೇರೆ ಕಲಾವಿದರೇ ಇರುತ್ತಾರೆ. ನಮ್ಮ ಯಕ್ಷಗಾನದ ವೇಷಧಾರಿ ಕನ್ನಡಿ ಹಿಡಿದು ತನ್ನ ಮುಖವನ್ನು ತಾನೇ ಬರೆದುಕೊಳ್ಳುತ್ತಾನೆ. ಸಫೇತವೆಂಬ ಬಿಳಿ ಪುಡಿ, ಹಳದಿ, ಕೆಂಪು, ಕಾಡಿಗೆ, ಕಲಸಲು ತೆಂಗಿನೆಣ್ಣೆ. ಇಷ್ಟರಲ್ಲೇ ದೇವೇಂದ್ರನೂ ಆದ, ದ್ರೌಪದಿಯೂ ಆದಳು.

ಈಗ ಅಂಗಡಿಯಲ್ಲಿ ಸಿಗುವ ಫೌಂಡೇಶನ್ ಬಾಟಲಿಯ ಹಿಂಬದಿಯನ್ನು ಓದಿ ನೋಡಿ. ಹೆಸರುಗಳು ಉದ್ದವಾದರೂ ಸಾಮಾನ್ಯವಾಗಿ ಒಳಗಿರುವ ಬಣ್ಣ ಅವೇ ನಾಲ್ಕು. ಬಿಳಿಗೆ ಟೈಟಾನಿಯಂ ಡೈಆಕ್ಸೈಡ್. ಹಳದಿ, ಕೆಂಪು, ಕಪ್ಪಿಗೆ ಕಬ್ಬಿಣದ ಆಕ್ಸೈಡುಗಳು. ಇವುಗಳ ಪ್ರಮಾಣ ಹೆಚ್ಚು ಕಡಿಮೆ ಮಾಡಿಯೇ ಐವರಿ, ಬೀಜ್, ಹನಿ, ಟ್ಯಾನ್ ಎಂದು ಬಾಟಲಿಗಳ ಸಾಲು ನಿಲ್ಲಿಸುತ್ತಾರೆ. (ನಮ್ಮ ಮನೆಗಳಲ್ಲಿ ಗೋಧಿಬಣ್ಣ, ಎಣ್ಣೆಗೆಂಪು, ನಸುಗಪ್ಪು, ಎಣ್ಣೆಗಪ್ಪು ಎಂಬ ಚಂದದ ಹೆಸರುಗಳಿವೆ. ಬಾಟಲಿಯ ಮೇಲೆ ಬರೆಯಲು ಯಾರಿಗೂ ತೋಚಲಿಲ್ಲ.) ಕಪ್ಪು ಚರ್ಮದ ಮೇಲೆ ಬಿಳಿಯ ಪಾಲು ಹೆಚ್ಚಾದರೆ ಮುಖ ಬೆಳ್ಳಗಾಗುವುದಿಲ್ಲ, ಬೂದುಬಣ್ಣಕ್ಕೆ ತಿರುಗುತ್ತದೆ. ನಮ್ಮ ಮದುಮಗಳಿಗೆ ಆದದ್ದು ಇದೇ.

ಚೌಕಿಯ ಬಣ್ಣಕ್ಕೂ ಮದುವೆಯ ಬಣ್ಣಕ್ಕೂ ಉದ್ದೇಶದಲ್ಲೇ ವ್ಯತ್ಯಾಸವಿದೆ. ದೊಂದಿಯ ಮಂದ ಬೆಳಕಿನಲ್ಲಿ ದೂರ ಕುಳಿತವರಿಗೂ ಪಾತ್ರ ಕಾಣಬೇಕು, ವೇಷಧಾರಿ ಮರೆಯಾಗಬೇಕು. ಅದಕ್ಕೆಂದೇ ಅಲ್ಲಿ ದಪ್ಪ ಲೇಪ. ಮದುಮಗಳು ಯಾವ ಪಾತ್ರವನ್ನೂ ಮಾಡುವುದಿಲ್ಲ. ಅವಳ ಮುಖದಲ್ಲಿ ಅವಳೇ ಕಾಣಬೇಕು. ಅಡಿಬಣ್ಣದ ಕೆಲಸ ಚರ್ಮದ ಕಲೆ, ಏರುಪೇರುಗಳನ್ನು ಸಮಮಾಡುವುದಷ್ಟೆ.

ಆದರೆ ಅಂಗಡಿಗೆ ಹೋದರೆ ಮೊದಲ ಪ್ರಶ್ನೆಯೇ "ವೆಳುಕ್ಕಾನಾಣೋ?" ಎಂದು. ಬೆಳ್ಳಗಾಗಲಿಕ್ಕಾ ಎಂದು! ಭಾಷೆ ಮಲಯಾಳವಾದ ಮಾತ್ರಕ್ಕೆ ಅವರನ್ನು ದೂರಬೇಕಾಗಿಲ್ಲ. ಹೆಣ್ಣು ನೋಡಲು ಬಂದ ನಮ್ಮವರು ಕನ್ನಡದಲ್ಲಿ, ತುಳುವಿನಲ್ಲಿ ಕೇಳುವುದೂ ಅದನ್ನೇ. ಹಾಗಾಗಿ ಹುಡುಗಿಯರು ತಮ್ಮದಕ್ಕಿಂತ ಎರಡು ಮೆಟ್ಟಲು ತಿಳಿಯಾದ ಬಾಟಲಿಯನ್ನೇ ಆರಿಸುತ್ತಾರೆ.

ಸರಿಯಾಗಿ ಆರಿಸುವುದು ಕಷ್ಟವೇನಲ್ಲ. ಬಣ್ಣವನ್ನು ಅಂಗೈ ಹಿಂಭಾಗಕ್ಕೋ ಮಣಿಕಟ್ಟಿಗೋ ಹಚ್ಚಿ ನೋಡುವ ಅಭ್ಯಾಸ ಬಿಡಿ. ಕೈಯ ಬಣ್ಣ ಬೇರೆ, ಮುಖದ ಬಣ್ಣ ಬೇರೆ. ದವಡೆಯ ಅಂಚಿನಲ್ಲಿ, ಕೊರಳಿಗೆ ತಾಗುವಂತೆ, ಹತ್ತಿರ ಹತ್ತಿರದ ಮೂರು ಬಣ್ಣಗಳ ಸಣ್ಣ ಗೆರೆ ಎಳೆಯಿರಿ. ಅಂಗಡಿಯ ಟ್ಯೂಬ್‌ಲೈಟ್ ನಂಬಬೇಡಿ, ಬಾಗಿಲಿಗೆ ಬಂದು ಹಗಲ ಬೆಳಕಿನಲ್ಲಿ ಕನ್ನಡಿ ನೋಡಿ. ಯಾವ ಗೆರೆ ಕಾಣದಂತೆ ಮಾಯವಾಯಿತೋ ಅದೇ ನಿಮ್ಮದು. ಆದರೂ ಕೂಡಲೇ ಹಣ ಕೊಡಬೇಡಿ. ಚರ್ಮದ ಜಿಡ್ಡು ಸೇರಿ, ನೀರಿನಂಶ ಆರಿದ ಮೇಲೆ ಕೆಲವು ಬಣ್ಣ ಕಪ್ಪಿಗೋ ಕಿತ್ತಳೆಗೋ ತಿರುಗುವುದುಂಟು. ಕಾಲು ಗಂಟೆ ಪೇಟೆ ಸುತ್ತಿ ಬಂದು ಮತ್ತೊಮ್ಮೆ ನೋಡಿ. ಅಂಗಡಿಯವರ ಮುಖ ಗಂಟಾದರೆ ಆಗಲಿ.

ಕೈಯ ನರ ನೀಲಿಯೋ ಹಸಿರೋ ನೋಡಿ ಬಣ್ಣ ಆರಿಸಬೇಕೆಂಬ ಸಲಹೆಯೊಂದು ಎಲ್ಲೆಲ್ಲೂ ಓಡಾಡುತ್ತಿದೆ. ನರ ಕಾಣುವ ತೆಳುಬಣ್ಣದವರಿಗೆ ಅದು ಸರಿಯಿರಬಹುದು. ನಮ್ಮಲ್ಲಿ ಅನೇಕರಿಗೆ ನಿಷ್ಪ್ರಯೋಜಕ. ಅದಕ್ಕಿಂತ ಒಂದು ಹಳದಿ ಛಾಯೆಯದು, ಒಂದು ಕೆಂಪು ಛಾಯೆಯದು ಪಕ್ಕ ಪಕ್ಕ ಹಚ್ಚಿ ನೋಡುವುದೇ ಲೇಸು. ಬಿಸಿಲಲ್ಲಿ ಓಡಾಡಿ, ತೋಟದಲ್ಲಿ ದುಡಿದು ಮುಖ ಕೊರಳಿಗಿಂತ ಕಪ್ಪಾಗಿದ್ದರೆ, ಎರಡರ ನಡುವಿನ ಬಣ್ಣ ಆರಿಸಿ, ದವಡೆಯಿಂದ ಕೆಳಗೂ ತೆಳ್ಳಗೆ ಎಳೆದು ಬಿಡಿ. ನಮ್ಮ ಕರಾವಳಿಯ ಸೆಕೆಗೆ ಎಣ್ಣೆ ಕಡಿಮೆಯದ್ದು ಒಳ್ಳೆಯದು. ಒಣಚರ್ಮದವರು ಮೊದಲು ಮುಖಕ್ಕೆ ತುಸು ಕ್ರೀಮು ಸವರಿಕೊಳ್ಳಲಿ, ಇಲ್ಲವಾದರೆ ಲೇಪ ಹೊಟ್ಟಿನಂತೆ ಏಳುತ್ತದೆ. ಹೊಸ ಬಾಟಲಿ ಯಾವುದೇ ಇರಲಿ, ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದೆರಡು ದಿನ ಕಾದು, ತುರಿಕೆ ಇಲ್ಲವೆಂದಾದ ಮೇಲೆಯೇ ಮುಖಕ್ಕೆ. ಇದನ್ನು ಮದುವೆಯ ಹಿಂದಿನ ರಾತ್ರಿ ಮಾಡಿ ಫಲವಿಲ್ಲ.

ಈ ಬಾಟಲಿಯ ಪಕ್ಕದಲ್ಲೇ ಕುಳಿತಿರುವ ಬಿಳಿ ಮಾಡುವ ಕ್ರೀಮುಗಳ ವಿಷಯ ಬೇರೆ. ಅಡಿಬಣ್ಣ ತಪ್ಪಿದರೆ ತೊಳೆದರೆ ಹೋಗುತ್ತದೆ. ಹಿಂದೆ ವೇಷಕ್ಕೆ ಬಳಸುತ್ತಿದ್ದ ಇಂಗಳೀಕ ಪಾದರಸದ ಅದಿರು, ಅರದಾಳ ಪಾಷಾಣದ್ದು. ಅವುಗಳ ಅಪಾಯ ತಿಳಿದ ಕಾಲದಲ್ಲಿ ನಾವಿದ್ದೇವೆ. ಹಾಗಿದ್ದೂ ನಮ್ಮದೇ ರಾಜ್ಯದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ ವೈದ್ಯರು 2021ರಿಂದ 2023ರ ನಡುವೆ ಒಂದು ಬಗೆಯ ಮೂತ್ರಪಿಂಡದ ಕಾಯಿಲೆಯ 22 ರೋಗಿಗಳನ್ನು ಪರಿಶೀಲಿಸಿದಾಗ, ಅಪರೂಪದ ಒಂದು ಲಕ್ಷಣ ಕಂಡ 15 ಮಂದಿಯಲ್ಲಿ 13 ಮಂದಿ ಮುಖ ಬೆಳ್ಳಗಾಗಿಸುವ ಕ್ರೀಮು ಹಚ್ಚುತ್ತಿದ್ದವರೆಂದು ತಿಳಿಯಿತು. ಕಾರಣ ಪಾದರಸ. 2023ರಲ್ಲಿ ಕೇರಳದ ಔಷಧ ನಿಯಂತ್ರಣ ಇಲಾಖೆ 'ಆಪರೇಷನ್ ಸೌಂದರ್ಯ' ಎಂಬ ಹೆಸರಿನಲ್ಲಿ ಅಂಗಡಿಗಳ ತಪಾಸಣೆಗೆ ಇಳಿಯಿತು. ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ತಯಾರಾದ ದಿನಾಂಕ ಇಲ್ಲದ ಡಬ್ಬಿಯನ್ನು ಕೊಲ್ಲಿಯಿಂದ ಬಂದ ನೆಂಟರೇ ಪ್ರೀತಿಯಿಂದ ಕೊಟ್ಟರೂ ಮುಖಕ್ಕೆ ತಾಗಿಸಬೇಡಿ.

ರಾತ್ರಿ ಮಲಗುವ ಮೊದಲು ಬಣ್ಣ ತೆಗೆಯುವುದಕ್ಕೆ ಚೌಕಿಯ ಕ್ರಮವೇ ಸಾಕು. ಅಂಗೈಯಷ್ಟು ತೆಂಗಿನೆಣ್ಣೆ, ಹಳೆಯ ಮೆತ್ತನೆ ಬಟ್ಟೆ, ಆಮೇಲೆ ಸಾಬೂನು. ಮೊಡವೆ ಏಳುವ ಚರ್ಮದವರು ಎಣ್ಣೆಯ ಬದಲು ಬೇರೆ ಕ್ಲೆನ್ಸರ್ ಹುಡುಕಿಕೊಳ್ಳಬೇಕು.

ಆ ಹುಡುಗಿಯ ತಂಗಿಗೆ ಬರುವ ವೈಶಾಖದಲ್ಲಿ ಮದುವೆ. ಮೊನ್ನೆ ಅಕ್ಕನೇ ಅವಳನ್ನು ಕಾಸರಗೋಡು ಪೇಟೆಗೆ ಕರೆದುಕೊಂಡು ಹೋಗಿದ್ದಳು. ದವಡೆಯ ಮೇಲೆ ಮೂರು ಗೆರೆ ಎಳೆದುಕೊಂಡು, ಕೈಗನ್ನಡಿ ಹಿಡಿದು ಇಬ್ಬರೂ ಅಂಗಡಿಯ ಮೆಟ್ಟಲ ಮೇಲೆ ಬಿಸಿಲಿಗೆ ನಿಂತಿದ್ದರಂತೆ. ಹೋಗಿಬರುವವರೆಲ್ಲ ನೋಡುತ್ತಿದ್ದರಂತೆ. ಕೊನೆಗೆ ಸಿಕ್ಕಿದ ಬಾಟಲಿ ಸಾಲಿನ ಆ ತುದಿಯದು, ಧೂಳು ಹಿಡಿದಿತ್ತು. ಅಕ್ಕ ತನಗೂ ಅದೇ ಬಣ್ಣದ್ದೊಂದು ಕೊಂಡಳು.